ಅಳತೆಯ ನೀರು

ಅಥವಾ ಆ ಲೋಟ ಹಿಡಿದಿದ್ದ ಕೈ ಅವ್ವನದು ಅಲ್ಲದೆಯೂ ಇರಬಹುದು. ಹಸಿರು ಗಾಜಿನ ಬಳೆಗಳು ಲೋಟಕ್ಕೆ ತಾಗಿ ಸದ್ದಾದದ್ದು ನನಗೆ ನೆನಪಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಗಾಜಿನ ಬಳೆ ತೊಟ್ಟವಳಲ್ಲ. ಹಾಗಾದರೆ ಅದು ನನ್ನ ಹೆಂಡತಿ ಶೈಲಳ ಕೈ. ಆದರೆ ಅದೇ ಕೈಯ ಹೆಬ್ಬೆರಳಿನ ಉಗುರು ನಡುವೆ ಸೀಳಿ ಕಪ್ಪಾಗಿತ್ತು. ಕಾಯಿ ಸುಲಿಯುವಾಗ ಏಟು ಬಿದ್ದು ಹಾಗಾದ ಉಗುರು ಅವ್ವನದು. ಬಳೆ ಒಬ್ಬರದು, ಉಗುರು ಇನ್ನೊಬ್ಬರದು. ಇಂಥ ಕೈ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆದರೂ ಕಣ್ಣು ಮುಚ್ಚಿದರೆ ಬರುವುದು ಅದೇ ಕೈ.

ಲೋಟದಲ್ಲಿದ್ದದ್ದು ಎಳನೀರು. ಅದರಲ್ಲಿ ಮಾತ್ರ ಅನುಮಾನವಿಲ್ಲ, ಆಸ್ಪತ್ರೆಯಲ್ಲಿ ನನ್ನ ರಕ್ತವೇ ಸಾಕ್ಷಿ ಹೇಳಿತು. ನನ್ನ ಎರಡು ಕಿಡ್ನಿಗಳೂ ಕೆಲಸ ನಿಲ್ಲಿಸಿವೆ. ಅಂಥವನ ಮೈಗೆ ಸೇರಿದ ಎಳನೀರಿನ ಪೊಟ್ಯಾಸಿಯಂ ಹೊರಹೋಗದೆ ಹೃದಯವನ್ನೇ ನಿಲ್ಲಿಸಬಲ್ಲದು. ನಿಲ್ಲಿಸಲಿಲ್ಲ. ಆದರೆ ಆ ಲೋಟದ ದೆಸೆಯಿಂದ ಅವ್ವ ನೀರು ಕುಡಿಯುವುದನ್ನು ಬಿಟ್ಟಳು, ಅಥವಾ ಬಿಟ್ಟಂತೆಯೇ ಮಾಡಿದಳು. ನಾನು ಹೇಳಬೇಕಾಗಿರುವುದು ಅದನ್ನು.

ಇದನ್ನು ಬರೆಯುತ್ತಿರುವುದು ಡಯಾಲಿಸಿಸ್ ಮಂಚದ ಮೇಲೆ ಕೈ ಚಾಚಿಕೊಂಡು ಚಾವಣಿ ನೋಡುತ್ತಿರುವವರಿಗೆ. ಅವರಿಗೆ ತುಂಬಲು ನನ್ನ ಬಳಿ ಹೆಚ್ಚು ಧೈರ್ಯವಿಲ್ಲ. ಪಕ್ಕದ ಮಂಚದಲ್ಲಿ ಇನ್ನೊಬ್ಬನಿದ್ದಾನೆ ಎಂದು ಹೇಳಬಲ್ಲೆ, ಅಷ್ಟೆ.

ಮೊದಲು ಚಪ್ಪಲಿ ಬಿಗಿಯಾಯಿತು. ಆಮೇಲೆ ಉಂಗುರ. ಬೆಳಿಗ್ಗೆ ಕನ್ನಡಿಯಲ್ಲಿ ಯಾರದೋ ಉಬ್ಬಿದ ಮುಖ. ತಿಪಟೂರಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು ಇದೆ, ಲಗ್ನಪತ್ರಿಕೆ, ತಿಥಿ ಕಾರ್ಡು ಅಚ್ಚು ಹಾಕುತ್ತೇನೆ. ಗಿರಾಕಿಗಳು ‘ಮೈ ಕೈ ತುಂಬ್ಕೊಂಡಿದೀರ ಬುಡಿ ಸಾರ್’ ಅಂದರು. ನನಗೆ ಖುಷಿಯಾಗಿತ್ತು ಎಂದೂ ಕಾಣುತ್ತದೆ. ಬಾಯಿಗೆ ಏನು ಹಾಕಿದರೂ ಕಬ್ಬಿಣದ ರುಚಿ, ಮೈಯೆಲ್ಲ ಕಡಿತ. ಅವ್ವ ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟಳು.

“ಉಷ್ಣ ಕಣ್ಲಾ. ಮಿಷನ್ ಮುಂದೆ ಕುಂತು ಕುಂತು ಒಳಗೆಲ್ಲ ಕಾದೋಗೈತೆ.”

ನಮ್ಮ ಮನೆ ಇರುವುದು ದಂಡಿನಶಿವರದ ಹತ್ತಿರದ ತೋಟದಲ್ಲಿ. ಅಲ್ಲಿ ಉಷ್ಣಕ್ಕೆ ಮದ್ದು ಹುಡುಕಿಕೊಂಡು ಹೋಗಬೇಕಿಲ್ಲ, ಅದು ತಲೆಯ ಮೇಲೆಯೇ ತೂಗುತ್ತಿರುತ್ತದೆ. ಆಗಲೂ ಎಳನೀರು ಕುಡಿದೆ, ಬೇಕಾದಷ್ಟು ಕುಡಿದೆ. ಊತ ಇಳಿಯಲಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಕಾಯುವವರ ಎದುರಿಗೆ ಒಂದು ಟೀವಿ ಇತ್ತು. ಸದ್ದಿಲ್ಲದೆ ಅಡುಗೆಯ ಕಾರ್ಯಕ್ರಮ ಓಡುತ್ತಿತ್ತು, ಯಾರೋ ಬಾಣಲೆಗೆ ನೀರು ಸುರಿಯುತ್ತಿದ್ದರು. ಇದು ನಿಜವೋ, ಆಮೇಲೆ ನಾನು ಸೇರಿಸಿಕೊಂಡದ್ದೋ. ನೀರಿನ ಬಗ್ಗೆ ಆಗ ನನಗಿನ್ನೂ ಏನೂ ಗೊತ್ತಿರಲಿಲ್ಲ, ಹಾಗಿರುವಾಗ ನೀರನ್ನೇ ಏಕೆ ಗಮನಿಸಿದೆ? ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ಚೀಟಿ ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದ. ಅವನ ಹೆಸರು ಕೂಗಿದಾಗ ಶೈಲ ಅವನನ್ನು ತಟ್ಟಿ ಎಬ್ಬಿಸಿದಳು. ಅವನು ನಮ್ಮ ಕಡೆ ತಿರುಗಿ ‘ನಿಮ್ದು ಮೊದ್ಲು ಆಗ್ಲಿ’ ಅಂದ. ಅಲ್ಲಿ ಯಾರೂ ಮೊದಲು ಹೋಗಲು ಬಯಸುವುದಿಲ್ಲ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲ್ಲ ಹೇಳಿ ಮುಗಿಸಿದ ಮೇಲೆ ಶೈಲ ಕೇಳಿದಳು. “ಮಾತ್ರೇಲಿ ವಾಸಿ ಆಗಲ್ವಾ ಮೇಡಂ?”

“ಆಗಲ್ಲಮ್ಮ.”

ಆಕೆ ಸುತ್ತಿ ಬಳಸಿ ಹೇಳಲಿಲ್ಲ. ಅದು ಮೊದಲ ಕರುಣೆ ಎಂದು ಈಗ ಅನ್ನಿಸುತ್ತದೆ. ಆಗ ಅವರ ಮುಖಕ್ಕೆ ಹೊಡೆಯಬೇಕು ಅನ್ನಿಸಿತ್ತು.

ಕುತ್ತಿಗೆಗೆ ನಳಿಕೆ ಹಾಕುವ ಮೊದಲು ನರ್ಸು ನನ್ನ ಕೊರಳ ದಾರವನ್ನೂ ಅದರಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆಯನ್ನೂ ತೆಗೆದು ಶೈಲಳ ಕೈಗೆ ಕೊಟ್ಟರು. ಕರಡಿಗೆಯೊಳಗೆ ಚಿಕ್ಕಂದಿನಲ್ಲಿ ನನಗೆ ಕಟ್ಟಿದ ಲಿಂಗ ಇತ್ತು. ಮನೆಗೆ ಬಂದ ಮೇಲೆ ಅವ್ವ ಅದನ್ನು ತನ್ನ ಪೂಜೆಯ ಗೂಡಿನಲ್ಲಿ ಇಟ್ಟುಕೊಂಡಳು.

“ವಾಸಿಯಾಗೋಗಂಟ ನಿಂದೂ ನಾನೇ ಪೂಜೆ ಮಾಡ್ತೀನಿ ಬುಡು.”

ವಾಸಿ ಎಂಬ ಮಾತನ್ನು ನಾವಿಬ್ಬರೂ ತಿದ್ದಲಿಲ್ಲ.

ಆಮೇಲೆ ವಾರಕ್ಕೆ ಮೂರು ಸಲ ತಿಪಟೂರಿನ ಯಂತ್ರ. ಅದು ರಕ್ತವನ್ನು ತೊಳೆಯುತ್ತದೆ, ಮೈಯಲ್ಲಿ ನಿಂತ ನೀರನ್ನು ಹಿಂಡಿ ತೆಗೆಯುತ್ತದೆ. ಹಾಗಾಗಿ ನೀರು ಕುಡಿಯಲು ಅಳತೆ ಬಂತು. ಬೆಳಿಗ್ಗೆ ಎದ್ದು ಶೈಲ ನನ್ನ ದಿನದ ಪಾಲನ್ನು ಒಂದು ಹಿತ್ತಾಳೆ ಚೊಂಬಿಗೆ ಹಾಕಿ ಮುಚ್ಚಿಡುತ್ತಿದ್ದಳು. ಮಾತ್ರೆ ನುಂಗಲು, ಕಾಫಿಗೆ, ಸಾರಿಗೆ ಎಲ್ಲಕ್ಕೂ ಅದರಲ್ಲೇ.

ಬಾಯಾರಿಕೆ ಗಂಟಲಲ್ಲಿರುತ್ತದೆ ಎಂದುಕೊಂಡಿದ್ದೆ. ಹೆಚ್ಚಾಗಿ ಅದು ಕಿವಿಯಲ್ಲಿರುತ್ತದೆ. ಪಕ್ಕದ ತೋಟದ ಮೋಟಾರು ತೊಟ್ಟಿಗೆ ನೀರು ಬಿಡುವ ಸದ್ದು, ಹಿತ್ತಲಲ್ಲಿ ಪಾತ್ರೆ ತೊಳೆಯುವ ಸದ್ದು. ಆಸ್ಪತ್ರೆಯ ಗೇಟಿನ ಪಕ್ಕ ಎಳನೀರಿನ ಗಾಡಿ ನಿಲ್ಲುತ್ತಿತ್ತು. ಮಚ್ಚಿನ ಏಟು ಕೇಳಿದರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ನನ್ನ ತಾತ ನೆಟ್ಟ ಮರಗಳ ಕೆಳಗೆ ನಾನು ಐಸ್ ತುಂಡೊಂದನ್ನು ಚೀಪುತ್ತ ಕೂತಿರುತ್ತಿದ್ದೆ.

ಪಕ್ಕದ ಮಂಚ ಎಸ್ತರಮ್ಮನದು. ಚಿಕ್ಕನಾಯಕನಹಳ್ಳಿಯಲ್ಲಿ ರವಿಕೆ ಹೊಲಿಯುವ ಹೆಂಗಸು, ಅವರ ತಾತನ ಕಾಲದಿಂದ ಕ್ರೈಸ್ತರು. ಬಸ್ಸಿನಲ್ಲಿ ಒಬ್ಬರೇ ಬರುತ್ತಿದ್ದರು. ಮಲಗುವ ಮೊದಲು ಎಲ್ಲರನ್ನೂ ತೂಕಕ್ಕೆ ನಿಲ್ಲಿಸುತ್ತಾರೆ, ಎಷ್ಟು ನೀರು ತುಂಬಿದೆ ಎಂದು ತಿಳಿಯಲು. ಮೊದಲ ದಿನ ಅಲ್ಲಿ ಅಳುಮುಖ ಮಾಡಿಕೊಂಡು ನಿಂತಿದ್ದ ನನ್ನನ್ನು ಅವರು ಮಾತಾಡಿಸಿದರು.

“ಯಾವೂರಪ್ಪ?”

“ದಂಡಿನಶಿವರದತ್ರ. ತೋಟದ ಮನೆ.”

“ಹಂಗಾರೆ ನಿಂಗೆ ಹೇಳ್ಕೊಡೋದೇ ಬ್ಯಾಡ. ಕೊಬ್ರಿ ಕಾಯ್ನ ಅಟ್ಟಕ್ಕೆ ಹಾಕಂಗೆ ನಮ್ಮನ್ನೂ ಇಲ್ಲಿ ಹಾಕವ್ರೆ. ಒಳಗಿನ್ ನೀರು ಇಂಗಿದ್ಮೇಲೆ ಅಲ್ಲಾಡ್ಸಿ ನೋಡ್ತಾರೆ.”

ನಕ್ಕೆ. ರೋಗ ಗೊತ್ತಾದ ಮೇಲೆ ನಾನು ನಕ್ಕದ್ದು ಅದೇ ಮೊದಲು ಎಂದು ಬರೆಯಲು ಕೈ ಹೋಗುತ್ತದೆ. ಹಾಗೆಂದು ಖಚಿತವಾಗಿ ಹೇಳಲಾರೆ. ಸೂಜಿ ಚುಚ್ಚುವಾಗ ಅವರ ತುಟಿ ಅಲುಗುತ್ತಿದ್ದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಎಳನೀರಿನ ಸಂಗತಿ ನಡೆದದ್ದು ಆ ಬೇಸಿಗೆಯಲ್ಲಿ. ಬೆಳಗಿನಿಂದ ನಾನು ವಾಂತಿ ಮಾಡಿಕೊಳ್ಳುತ್ತಿದ್ದೆ. ನಮ್ಮ ಕಡೆ ಮೈಮೇಲೆ ಅಮ್ಮ ಎದ್ದ ಮಗುವಿಗೆ, ಬಿಸಿಲಿಗೆ ಬಿದ್ದವನಿಗೆ, ಊಟ ಸೇರದ ಮುದುಕರಿಗೆ ಮೊದಲು ಕೊಡುವುದು ಎಳನೀರು. ತುಮಕೂರಿನ ಡಾಕ್ಟರ್ ಬೇಡವೆಂದ ಪದಾರ್ಥಗಳಲ್ಲಿ ಅದೂ ಇತ್ತು ಎನ್ನುತ್ತಾಳೆ ಶೈಲ. ಇದ್ದಿರಬೇಕು. ಆದರೆ ಬೇಡದ ಪದಾರ್ಥವೆಂದರೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿ, ಬಾಳೆಹಣ್ಣು. ಎಳನೀರು ಆ ಸಾಲಿಗೆ ಬರುವುದೇ ಇಲ್ಲ, ಅದು ತಾಯಿಯ ಹಾಲಿನ ಪಕ್ಕ ನಿಲ್ಲುವಂಥದು. ಮಗನ ಬಾಯಿಗೆ ವಿಷ ಹೋಗುತ್ತಿದೆ ಎಂದು ತೆಂಗಿನ ಸೀಮೆಯಲ್ಲಿ ಯಾರಿಗೆ ತಾನೆ ಹೊಳೆಯುತ್ತದೆ?

ಆ ಕೈ ಬಂತು. ನಾನು ಕುಡಿದೆ. ಅಷ್ಟು ಸಿಹಿಯಾದದ್ದನ್ನು ನಾನು ಮತ್ತೆ ಕುಡಿದಿಲ್ಲ. ಆಮೇಲೆ ಕಾಲುಗಳು ಬೇರೆಯವರದಾದವು. ನಾಲಿಗೆ ದಪ್ಪವಾಯಿತು. ಎದೆಯಲ್ಲಿ ಒಂದು ಬಡಿತ, ನಿಧಾನಕ್ಕೆ ಇನ್ನೊಂದು, ನಡುವೆ ದೊಡ್ಡ ಬಯಲು. ಪಕ್ಕದ ತೋಟದವರ ಕಾರಿನಲ್ಲಿ ಹಾಕಿಕೊಂಡು ಹೋದರಂತೆ. ನನಗೆ ತಿಳಿಯುವ ಹೊತ್ತಿಗೆ ಯಂತ್ರ ತಿರುಗುತ್ತಿತ್ತು.

ಏನು ಕೊಟ್ಟಿರಿ ಎಂದು ಅಲ್ಲಿ ಕೇಳಿದಾಗ ಎಳನೀರು ಅಂದರು. ಯಾರು ಕೊಟ್ಟಿರಿ ಎಂದು ಕೇಳಿದಾಗ ಅವ್ವ, ಶೈಲ ಇಬ್ಬರೂ ‘ನಾನು’ ಅಂದರು.

ಇದು ಮನೆಗೆ ಬಂದ ಮೇಲೂ ಮುಗಿಯಲಿಲ್ಲ.

“ನಾನೇ ಕಣೇ ಅವನ್ ಬಾಯಿಗೆ ಹುಯ್ದಿದ್ದು,” ಎಂದು ಅವ್ವ.

“ಅವತ್ತು ನೀವು ಹಾಲ್ಕುರಿಕೆ ಮಠಕ್ಕೆ ಹೋಗಿದ್ರಿ ಅತ್ತೆ. ಕೆತ್ತಿದ್ದೂ ನಾನೇ, ಕೊಟ್ಟಿದ್ದೂ ನಾನೇ. ಬ್ಯಾಡ ಅಂದಿದ್ದು ಗೊತ್ತಿತ್ತು ನಂಗೆ. ಅವ್ರ ತುಟಿ ನೋಡಕ್ಕಾಗ್ಲಿಲ್ಲ, ಕೊಟ್ಟೆ.”

“ಹೋಗಕ್ ಮುಂಚೆ ನಾನು ಕೊಟ್ಟೆ. ನೀನು ಹಿತ್ಲಲ್ಲಿದ್ದೆ. ಸುಮ್ಕಿರು.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಬಳೆ ಮತ್ತು ಉಗುರಿನ ಕೈಯನ್ನು ಕಣ್ಣೆದುರು ತಂದುಕೊಂಡೆ.

ಶೈಲ ಅತ್ತು ಅತ್ತು ಒಂದು ದಿನ ನಿಲ್ಲಿಸಿದಳು. ಅವ್ವ ಅಳಲಿಲ್ಲ. ಅಡುಗೆಮನೆಯ ಗಡಿಗೆಯಲ್ಲಿ ನೀರು ಇಳಿಯುತ್ತಿಲ್ಲ ಎಂಬುದನ್ನು ಕೆಲವು ವಾರಗಳ ಮೇಲೆ ಶೈಲ ಗಮನಿಸಿದಳು. ಅವ್ವ ಬೆಳಿಗ್ಗೆ ಇನ್ನೊಂದು ಚೊಂಬು ತೆಗೆದುಕೊಂಡು, ನನ್ನದರ ಪಕ್ಕ ಇಟ್ಟು, ಮಟ್ಟ ನೋಡಿ, ಅದಕ್ಕಿಂತ ಎರಡು ಬೆರಳು ಕಡಿಮೆ ತುಂಬಿಕೊಳ್ಳುತ್ತಿದ್ದಳು. ಆ ಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ ಅಷ್ಟೇ ನೀರು. ಕೇಳಿದರೆ ನಕ್ಕಳು.

“ವಯಸ್ಸಾದ್ಮೇಲೆ ನೀರು ಯಾಕ್ಲಾ? ನಾನೇನ್ ಗಿಡವಾ?”

ಬೇಡಿಕೊಂಡೆ, ರೇಗಿದೆ, ಚೊಂಬನ್ನು ಅಂಗಳಕ್ಕೆ ಎಸೆದೆ. ಅವಳು ಎತ್ತಿಕೊಂಡು ಬಂದು, ನೆಗ್ಗಿದ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಮತ್ತೆ ಅಷ್ಟೇ ತುಂಬಿದಳು. ಅವಳ ತುಟಿಗಳೂ ನನ್ನವುಗಳಂತೆ ಸಿಪ್ಪೆ ಏಳತೊಡಗಿದವು. ಒಂದು ಮನೆಯಲ್ಲಿ ಎರಡು ಮುಚ್ಚಿದ ಚೊಂಬು. ನನ್ನ ಕಣ್ಣೆದುರಿಗೇ ಅವ್ವ ನನ್ನ ರೋಗಕ್ಕೆ ನಡೆದು ಬರುತ್ತಿದ್ದಳು.

ಇದನ್ನು ಹೇಳಿಕೊಂಡದ್ದು ಎಸ್ತರಮ್ಮನಲ್ಲಿ.

“ನಿಮ್ಮವ್ವಂಗೆ ಶಿಕ್ಷೆ ಬೇಕಾಗೈತೆ ಕಣಪ್ಪ. ಯಾರೂ ಕೊಡ್ಲಿಲ್ವಲ್ಲ, ತಾನೇ ಕೊಟ್ಕಂತೈತೆ.”

“ನಾನೇ ಕ್ಷಮಿಸ್ದೆ ಅಂತ ಹೇಳ್ಬುಟ್ಟೆ ಎಸ್ತರಮ್ಮ. ಕೇಳಲ್ಲ.”

“ನೀನು ಮಗ. ಮಗ ಸುಮ್ನೆ ಹೇಳ್ತಾನೆ. ಶಿಕ್ಷೆ ಮುಗ್ದೋಗೈತೆ ಅಂತ ಅನುಭವ್ಸಿದೋನೇ ಹೇಳ್ಬೇಕು.”

ಆಗ ನಾನು ಕೇಳಿದೆ, ಸೂಜಿ ಹೋಗುವಾಗ ನೀವು ಹೇಳಿಕೊಳ್ಳುವುದು ಏನು ಎಂದು. ಅವರು ಸ್ವಲ್ಪ ನಾಚಿಕೊಂಡರು.

“ಬಾಯಾರ್ತದೆ ಸ್ವಾಮಿ ಅಂತೀನಿ. ಅಷ್ಟೇಯ.”

“ದೇವ್ರಿಗೆ ಬಾಯಾರಿಕೆ ಏನ್ ಗೊತ್ತು?”

“ಅಯ್ಯೋ ಪೆದ್ದಪ್ಪ. ಶಿಲುಬೆ ಮ್ಯಾಲೆ ಆತ ಕೇಳಿದ್ದೇ ಅದನ್ನ. ನೀರು ಕೊಡ್ಲಿಲ್ಲ, ಹುಳಿರಸ ಮುಟ್ಸಿದ್ರು ತುಟಿಗೆ.”

ನನಗೆ ಗೊತ್ತಿದ್ದ ದೇವರುಗಳಿಗೆ ನಾವು ಅಭಿಷೇಕ ಮಾಡುತ್ತಿದ್ದೆವು. ಕೊಡಗಟ್ಟಲೆ ನೀರು, ಎಳನೀರು ಅವರ ತಲೆಯ ಮೇಲಿಂದ ಇಳಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ನೀರು ಸಿಗದೆ ಸತ್ತ ದೇವರ ಮಾತು ಕೇಳಿದ್ದು ಅದೇ ಮೊದಲು. ಇದನ್ನು ಹೀಗೆ ಬರೆದಾಗ ಆ ಮಂಚದ ಮೇಲೆ ಏನೋ ಬೆಳಕು ಹರಿದಂತೆ ಕಾಣುತ್ತದೆ. ಹಾಗೇನೂ ಆಗಲಿಲ್ಲ. ಕಾಲಿಗೆ ಸೆಳೆತ ಬಂದು ನರ್ಸನ್ನು ಕೂಗಿದೆ. ಆದರೆ ಮನೆಗೆ ಹೋಗುವಾಗ ಗೇಟಿನಲ್ಲಿ ಮಚ್ಚಿನ ಏಟು ಕೇಳಿ ನಾಲಿಗೆ ಒಣಗಿದಾಗ, ಆ ಒಣಗಿದ ನಾಲಿಗೆ ನನ್ನೊಬ್ಬನದೇ ಅನ್ನಿಸಲಿಲ್ಲ. ‘ಬಾಯಾರ್ತದೆ ಸ್ವಾಮಿ’ ಅಂದೆ. ಬಾಯಾರಿಕೆ ಹೋಗಲಿಲ್ಲ. ಅದಕ್ಕೊಂದು ದಿಕ್ಕು ಬಂತು.

ಎಸ್ತರಮ್ಮನಲ್ಲಿ ಇನ್ನಷ್ಟು ಕೇಳುವುದಿತ್ತು. ಒಂದು ದಿನ ಹೋದಾಗ ಅವರ ಮಂಚದ ಮೇಲೆ ಬೇರೆಯವರಿದ್ದರು, ಬೇರೆ ಹೊದಿಕೆ. ಬಸ್ಸಿಗೆ ಕಾಯುತ್ತಿದ್ದವರು ಹಾಗೇ ಕುಸಿದರಂತೆ. ಹೊಸಬ ನನ್ನ ಕಡೆ ತಿರುಗಿ ‘ನೋವಾಯ್ತದಾ ಸಾರ್?’ ಎಂದು ಕೇಳಿದ. ಆಗುತ್ತದೆ ಅಂದೆ.

ಅವರಿಗಾಗಿ ನಡೆದ ಪ್ರಾರ್ಥನೆಗೆಂದು ಮೊದಲ ಸಲ ಚರ್ಚಿಗೆ ಹೋದೆ, ಹಿಂದಿನ ಬೆಂಚಿನಲ್ಲಿ ಕೂತೆ. ಆಮೇಲೂ ಹೋದೆ. ನಂಬಿಕೆ ಗಟ್ಟಿಯಿದ್ದರೆ ಸೂಜಿಯೇ ಬೇಕಿಲ್ಲ ಎಂದ ಒಬ್ಬ ಮನುಷ್ಯ ಅಲ್ಲಿ ಸಿಕ್ಕ. ಪಾದ್ರಿಗಳು ಅವನನ್ನು ಪಕ್ಕಕ್ಕೆ ಕಳಿಸಿ ನನಗೆ ಹೇಳಿದರು. “ಸೂಜಿ ಬಿಡ್ಬೇಡಿ. ಆ ಮಂಚಕ್ಕೂ ಆತ ಬರ್ತಾನೆ.” ಎಷ್ಟೋ ದಿನಗಳ ಮೇಲೆ ಅವರು ದೀಕ್ಷಾಸ್ನಾನವೆಂದು ನನ್ನ ತಲೆಯ ಮೇಲೆ ಅಂಗೈಯಷ್ಟು ನೀರು ಹಾಕಿದರು. ಒಂದು ಹನಿ ಮೂಗಿನ ಮೇಲಿಂದ ಇಳಿದು ತುಟಿಗೆ ಬಂತು. ನೆಕ್ಕಿದೆ. ಇದನ್ನು ಚೊಂಬಿನ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಯೋಚಿಸಿದ್ದು ನಿಜ.

ಮನೆಯಲ್ಲಿ ಹೇಳಿದೆ. ಶೈಲ ‘ನಿಮಗೆ ನಿದ್ದೆ ಬಂದ್ರೆ ಸಾಕು’ ಅಂದಳು. ಅವ್ವ ಪೂಜೆಯ ಗೂಡಿನಿಂದ ತಿರುಗಿ ನೋಡಲಿಲ್ಲ.

“ನಿನ್ ಲಿಂಗ ನನ್ನತ್ರಾನೇ ಇರ್ತದೆ. ಪೂಜೆ ಬುಡಲ್ಲ. ಇಬ್ರು ನೋಡ್ಕಂಡ್ರೆ ಒಳ್ಳೇದೇ ಆಯ್ತು.”

ಅವಳ ಧ್ವನಿ ಒಣಗಿ ಹರಿದಿತ್ತು. ಮಗ ಕೈ ತಪ್ಪಿದ ನೋವೋ, ನೀರಿಲ್ಲದ ಗಂಟಲೋ, ನಾನು ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವ್ವ ಬಿದ್ದಳು. ಮಧ್ಯಾಹ್ನ, ತೊಟ್ಟಿಯ ಪಕ್ಕದಲ್ಲೇ. ತೊಟ್ಟಿ ತುಂಬ ನೀರಿತ್ತು. ತುರುವೇಕೆರೆಗೆ ಕರೆದುಕೊಂಡು ಹೋದೆವು. ಜ್ವರ, ಉರಿಮೂತ್ರ, ತಿಂಗಳುಗಳಿಂದ ಬಚ್ಚಿಟ್ಟಿದ್ದಳು. ಹೀಗೇ ಬಿಟ್ಟರೆ ಇವರ ಕಿಡ್ನಿಯೂ ಹೋಗುತ್ತದೆ ಎಂದು ಅಲ್ಲಿನ ಡಾಕ್ಟರ್ ಹೇಳಿದಾಗ ಅವ್ವ ನನ್ನನ್ನು ನೋಡಿದ ನೋಟದಲ್ಲಿ ಭಯವಿರಲಿಲ್ಲ. ಅದು ನನಗೆ ಭಯ ತಂದಿತು.

ಬಾಟಲಿಯ ನೀರು ನರದೊಳಕ್ಕೆ ಇಳಿಯುತ್ತಿದ್ದಷ್ಟು ದಿನ ಚಿಂತೆಯಿರಲಿಲ್ಲ. ಮನೆಗೆ ಬಂದ ಬೆಳಿಗ್ಗೆ ಅವಳು ಮತ್ತೆ ನೆಗ್ಗಿದ ಚೊಂಬಿಗೆ ಕೈ ಹಾಕಿದಳು. ನಾನು ಅವಳ ಎದುರು ನೆಲದ ಮೇಲೆ ಕೂತೆ.

“ಅವ್ವ, ಎಲ್ಲಿಗಂಟ ಇದು?”

“ಇರೋಗಂಟ.”

“ಅವತ್ತು ಕೊಟ್ಟಿದ್ದು ನಾನು ಅತ್ತೆ,” ಎಂದಳು ಶೈಲ ಒಲೆಯ ಮುಂದಿನಿಂದ. “ನಾನೂ ನೀರು ಕುಡಿಯೋದು ಬುಡ್ಬೇಕಾ?”

“ನೀನು ಬಾಳೋಳು. ಸುಮ್ಕಿರು.”

ಆಗ ನನಗೆ ಕಂಡದ್ದನ್ನು ಸರಿಯಾಗಿ ಬರೆಯಲು ಆಗುವುದಿಲ್ಲ. ವರ್ಷವಿಡೀ ಈ ಇಬ್ಬರು ಹೆಂಗಸರು ಒಂದು ತಪ್ಪಿಗಾಗಿ ಕಿತ್ತಾಡುತ್ತಿದ್ದರು, ಇನ್ನೊಬ್ಬಳ ತಲೆಯ ಮೇಲೆ ಅದು ಬೀಳದಿರಲಿ ಎಂದು. ಒಬ್ಬರ ತಪ್ಪನ್ನು ಇನ್ನೊಬ್ಬರು ಹೊರುವುದೆಂದು ಚರ್ಚಿನಲ್ಲಿ ಕೂತು ನಾನು ಕೇಳಿಸಿಕೊಂಡು ಬಂದದ್ದು ನನ್ನ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ಆದರೆ ಇಲ್ಲಿ ಅದು ಜೀವ ತೆಗೆಯುತ್ತಿತ್ತು.

“ಅವ್ವ, ಆತ ಶಿಲುಬೆ ಮ್ಯಾಲೆ ಬಾಯಾರಿ ಸತ್ತ. ಕೈಯಲ್ಲಿ ನೀರಿದ್ದೋರೆಲ್ಲ ಸುತ್ತ ನಿಂತಿದ್ರು. ಯಾರ್ ಯಾರು ಏನೇನ್ ಮಾಡಿದ್ರೋ ಅದನ್ನೆಲ್ಲ ಹೊತ್ಕಂಡು ಬಾಯಾರಿದ. ಒಂದ್ಸಲ ಆಗೋಯ್ತು. ಇನ್ನೊಬ್ರು ಬಾಯಾರ್ಬೇಕಿಲ್ಲ.”

ಅವ್ವ ಚೊಂಬಿನ ಬಾಯಿಯನ್ನು ಸೆರಗಿನಿಂದ ಒರೆಸಿದಳು.

“ನನ್ ಪಾಲಿಂದೂ ಹೊತ್ಕಂಡವ್ನಾ?”

“ಹೊತ್ಕಂಡವ್ನೆ.”

“ಯಾರ್ಲಾ ಹೇಳಿದ್ದು?”

“ಎಸ್ತರಮ್ಮ.”

“ಸತ್ತೋದ್ಲಲ್ಲ ಅವ್ಳು.”

“ಸತ್ತೋದ್ಲು.”

“ಬಾಯಾರ್ಕೊಂಡೇ?”

“ಬಾಯಾರ್ಕೊಂಡೇ.”

ಹೊರಗೆ ಎಲ್ಲೋ ಒಂದು ಗರಿ ಬಿದ್ದ ಸದ್ದಾಯಿತು. ಅವ್ವ ನನ್ನ ಮುಖವನ್ನು, ಕಾಯಿ ಬಲಿತಿದೆಯೋ ಇಲ್ಲವೋ ಎಂದು ಕೆಳಗಿನಿಂದ ನೋಡುವಂತೆ ಕಣ್ಣು ಕಿರಿದು ಮಾಡಿ ನೋಡಿದಳು.

“ನೀನು ನಂಬಿ ಹೇಳ್ತಿದೀಯೋ, ನಾನು ಕುಡೀಲಿ ಅಂತ ಹೇಳ್ತಿದೀಯೋ?”

“ನಂಬಿ ಕಣವ್ವ.”

ಹಾಗೆ ಹೇಳಿದ ಕ್ಷಣದಲ್ಲಿ ನಂಬಿದ್ದೆ. ಅಥವಾ ಹೇಳಿದ್ದರಿಂದ ನಂಬಿದೆ. ಯಾವುದು ಮೊದಲು ಎಂದು ಬೇರ್ಪಡಿಸಲಾರೆ. ಆದರೆ ಆವತ್ತಿನಿಂದ ಅದು ನನ್ನನ್ನು ಬಿಟ್ಟಿಲ್ಲ.

ಅವಳು ಗಡಿಗೆಯಿಂದ ಚೊಂಬನ್ನು ಕಂಠದವರೆಗೆ ತುಂಬಿದಳು. ಎತ್ತಿ ಕುಡಿಯತೊಡಗಿದಳು. ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ಗಲ್ಲದಿಂದ ನೀರು ಇಳಿದು ರವಿಕೆ ನೆನೆಯಿತು. ಅರ್ಧದಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದಳು.

“ನಿನ್ ಮುಂದೆ ಕುಡಿಯಕ್ಕೆ ಆಯ್ತಿಲ್ಲ ಕಣ್ಲಾ.”

“ಕುಡಿ.”

ಕುಡಿದಳು. ನಾನು ಸದ್ದು ಕೇಳುತ್ತ ಕೂತಿದ್ದೆ. ಶೈಲ ಒಲೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದಳು.

ಈಗಲೂ ನಾನು ವಾರಕ್ಕೆ ಮೂರು ಸಲ ಆ ಮಂಚಕ್ಕೆ ಹೋಗುತ್ತೇನೆ. ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಕೂಡಿಸಿದ ಎಡಗೈಯ ನರ ಗುಂಯ್‌ಗುಡುತ್ತದೆ. ಅದು ಎಷ್ಟು ಕಾಲ ಗುಂಯ್‌ಗುಡುತ್ತದೆ ಎಂದು ಡಾಕ್ಟರಿಗೂ ಗೊತ್ತಿಲ್ಲ. ಬದಲಿ ಕಿಡ್ನಿ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಅವ್ವ ನೀರು ಕುಡಿಯುತ್ತಾಳೆ, ಎಳನೀರು ಮುಟ್ಟುವುದಿಲ್ಲ. ಅವಳ ಗೂಡಿನಲ್ಲಿ ಎರಡು ಕರಡಿಗೆಗಳಿವೆ, ಅವಳದೂ ನನ್ನದೂ. ಅವಳು ಆತನನ್ನು ನಂಬಿ ಕುಡಿದಳೋ, ನನ್ನನ್ನು ನಂಬಿ ಕುಡಿದಳೋ, ಬಾಯಾರಿಕೆ ತಡೆಯಲಾಗದೆ ಕುಡಿದಳೋ ಕೇಳಿಲ್ಲ. ಲೋಟ ಹಿಡಿದಿದ್ದ ಕೈ ಯಾರದು ಎಂದು ನನಗೆ ಗೊತ್ತಿಲ್ಲ.